ಎವರೇಜ್ ಕೇಳ್ತೀವಿ, ಪಿಕಪ್ ಕೇಳ್ತೀವಿ, ಬ್ರೇಕ್ ಕೇಳೋರ್ಯಾರು?

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಒಂದು ಮನೆಗೆ ಹೊಸ ಗಾಡಿ ಬರುತ್ತದೆ ಅಂದರೆ ಎರಡು ಪ್ರಶ್ನೆ ಏಳುತ್ತವೆ. ಅಪ್ಪ ಕೇಳುವುದು, 'ಎವರೇಜ್ ಎಷ್ಟ್ ಕೊಡತೈತಿ?' ಮಗ ಕೇಳುವುದು, 'ಪಿಕಪ್ ಹೆಂಗೈತಿ?' ಈ ಎರಡು ಪ್ರಶ್ನೆಗಳ ಜಗಳ ವಾರಗಟ್ಟಲೆ ನಡೆಯುತ್ತದೆ. ಅವ್ವ ನಡುವೆ ಸಿಕ್ಕು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಗುತ್ತಾಳೆ. ಕೊನೆಗೆ ಯಾರ ಕೈ ಮೇಲಾಗುತ್ತದೋ ಅವರ ಗಾಡಿ ಅಂಗಳಕ್ಕೆ ಬಂದು ನಿಲ್ಲುತ್ತದೆ, ನಿಂಬೆಹಣ್ಣು ಹಾಯಿಸಿ, ಕುಂಕುಮ ಹಚ್ಚಿ ಪೂಜೆಯೂ ಆಗುತ್ತದೆ. ಇಷ್ಟರ ನಡುವೆ ಆ ಮನೆಯಲ್ಲಿ ಯಾರೂ ಕೇಳದೇ ಉಳಿಯುವ ಪ್ರಶ್ನೆ ಒಂದಿದೆ: ಇದು ನಿಲ್ಲೋದು ಹೆಂಗ?

ನಾನು ಮೆಕ್ಯಾನಿಕಲ್ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಊರು ರೋಣದ ಹತ್ತಿರದ ಹಳ್ಳಿ. ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದ ಮೇಲೆ ಮಾತು ಪ್ಲೇಸ್‌ಮೆಂಟಿನಿಂದ ಶುರುವಾದರೂ ಬಂದು ನಿಲ್ಲುವುದು ಗಾಡಿಯ ಮೇಲೆಯೇ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಗಾಡಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ಈ ಮಾತಿಗೆ ಕೊನೆಯೇ ಇಲ್ಲ. ಗೆಳೆಯರು ಇಂಜಿನ್ನಿನ ಸಿಸಿ, ಪಿಎಸ್, ಸೊನ್ನೆಯಿಂದ ಅರವತ್ತಕ್ಕೆ ಎಷ್ಟು ಸೆಕೆಂಡ್ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಅರವತ್ತರಿಂದ ಸೊನ್ನೆಗೆ ಎಷ್ಟು ಮೀಟರ್ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ನಿಲ್ಲುವುದರ ಬಗ್ಗೆ ಇಷ್ಟು ಹೇಳಲು ಕಾರಣ ನಮ್ಮ ನೆಲ. ಬೆಂಗಳೂರಿನಲ್ಲಿ ಕುಳಿತು 'ಮೊದಲ ಬೈಕ್ ಯಾವುದು ತೊಗೋಬೇಕು' ಅಂತ ವಿಡಿಯೊ ಮಾಡುವವರಿಗೆ ಎರಿ ಮಣ್ಣು ಗೊತ್ತಿಲ್ಲ. ರೋಣ, ನರಗುಂದದ ಎರಿ ಭೂಮಿ ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ, ನೆನೆದಾಗ ಅಂಟು. ಮಳೆಗಾಲದಲ್ಲಿ ಹೊಲದಿಂದ ಹೊರಬರುವ ಟ್ರ್ಯಾಕ್ಟರ್ ತನ್ನ ಗಾಲಿಯ ತುಂಬ ಆ ಮಣ್ಣನ್ನು ಹೊತ್ತು ಡಾಂಬರಿನ ಮೇಲೆ ಅರ್ಧ ಕಿಲೋಮೀಟರ್ ಉದುರಿಸುತ್ತ ಹೋಗುತ್ತದೆ. ಮೇಲೆ ಒಂದು ತುಂತುರು ಮಳೆ ಬಿದ್ದರೆ ಮುಗಿಯಿತು, ಸಾಬೂನು ಸವರಿದ ಬಚ್ಚಲ ಕಲ್ಲು. ಜೋರು ಮಳೆಯಾದರೆ ತೊಳೆದು ಹೋಗುತ್ತದೆ, ಅಪಾಯ ಇರುವುದು ಈ ತುಂತುರಿನಲ್ಲೇ. ನೋಡಲು ರಸ್ತೆ ಕಪ್ಪು, ಮಣ್ಣೂ ಕಪ್ಪು. ಎಲ್ಲಿ ಡಾಂಬರು ಮುಗಿದು ಎಲ್ಲಿ ಕೆಸರು ಶುರುವಾಯಿತು ಎಂದು ಹೊಸ ಸವಾರನ ಕಣ್ಣಿಗೆ ತಿಳಿಯುವುದಿಲ್ಲ.

ಇನ್ನು ರಾಶಿಯ ದಿನಗಳು. ಕಣ ಮಾಡುವ ರೂಢಿ ಕಡಿಮೆಯಾದ ಮೇಲೆ ನಮ್ಮ ಕಡೆ ರಸ್ತೆಯೇ ಕಣ. ಹೆಸರು, ಹುರುಳಿ, ಕಡಲೆಯ ಬಳ್ಳಿ, ಗಿಡಗಳನ್ನು ಡಾಂಬರಿನ ಮೇಲೆ ಹರವುತ್ತಾರೆ, ಹೋಗುವ ಬರುವ ವಾಹನಗಳ ಗಾಲಿಯೇ ಒಕ್ಕಲು ಮಾಡಿಕೊಡಬೇಕು. ಬಸ್ಸಿಗೆ, ಲಾರಿಗೆ ಅದೇನೂ ಅಲ್ಲ. ಬೈಕಿಗೆ ಮಾತ್ರ ಅದರ ಕೆಳಗಿರುವ ಉದುರಿದ ಕಾಳು ಅಂದರೆ ಬೇರಿಂಗಿನ ಗುಂಡುಗಳಿದ್ದಂತೆ. ನಾನು ಇದನ್ನು ರೈತರನ್ನು ದೂರಲು ಬರೆಯುತ್ತಿಲ್ಲ, ನಮ್ಮ ಮನೆಯವರೂ ಹರವುತ್ತಾರೆ. ಬೇಡ ಅನ್ನಬೇಕೋ, ಬೇರೆ ಜಾಗ ಕೊಡಿಸಬೇಕೋ ಅದು ಬೇರೆಯದೇ ಲೇಖನ. ಈಗ ಗಾಡಿ ಆರಿಸುವವನು ತಿಳಿಯಬೇಕಾದದ್ದು ಇಷ್ಟೇ: ಅವನ ಗಾಡಿ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಹೊಟ್ಟು, ಕಾಳು, ಕೆಸರಿನ ಮೇಲೆ ಓಡಲಿಕ್ಕಿದೆ.

ನರಗುಂದದವರ ಕಷ್ಟ ಇನ್ನೊಂದು ಥರ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಊರಿಗೆ ತಾಗಿಯೇ ಹೋಗುತ್ತದೆ. ಬಯಲು ನೆಲ, ನೇರ ರಸ್ತೆ, ನರಗುಂದದ ಗುಡ್ಡ ಎಷ್ಟೋ ದೂರದಿಂದ ಕಾಣುತ್ತಿರುತ್ತದೆ. ಗುಡ್ಡ ಕಾಣುತ್ತಿದೆ ಅಂದಮೇಲೆ ಊರು ಬಂದೇಬಿಟ್ಟಿತು ಎಂದು ಕೈ ತಾನಾಗಿಯೇ ಎಕ್ಸಲೇಟರ್ ತಿರುವುತ್ತದೆ. ಅದೇ ಹೊತ್ತಿಗೆ ಹಿಂದಿನ ಲೈಟಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಹೊಲದ ದಾರಿಯಿಂದ ಹೆದ್ದಾರಿಗೆ ಏರಿರುತ್ತದೆ. ಗಜೇಂದ್ರಗಡದಲ್ಲಿ ಗುಡ್ಡ ಹತ್ತಿ ಇಳಿಯುವ ತಿರುವುಗಳಿವೆ, ಕಾಲಕಾಲೇಶ್ವರಕ್ಕೆ ಇಬ್ಬರು ಮೂವರು ಕುಳಿತು ಹೋಗುವ ಹುಡುಗರಿದ್ದಾರೆ. ಮೂವರು ಕುಳಿತ ಗಾಡಿಗೆ ಯಾವ ಬ್ರೇಕ್ ಇದ್ದೂ ಉಪಯೋಗ ಇಲ್ಲ, ಆ ಮಾತು ಬಿಡಿ.

ಸ್ವಲ್ಪ ಲೆಕ್ಕ ಮಾಡೋಣ. ಪಿಯುಸಿಯಲ್ಲಿ ಎಲ್ಲರೂ ಓದಿದ್ದೇ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿರಿ, ಅಲ್ಲಿಗೇ 11 ಮೀಟರ್ ಹೋಯಿತು. ಒಣ ಡಾಂಬರಿನಲ್ಲಿ ಸಾಧಾರಣವಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೊಂದು 10 ಮೀಟರ್. ಒಟ್ಟು 21. ಈಗ ವೇಗ 80 ಮಾಡಿ. ಯೋಚಿಸುವ ಸೆಕೆಂಡಿಗೆ 22 ಮೀಟರ್, ಬ್ರೇಕಿಗೆ 41 ಮೀಟರ್, ಒಟ್ಟು 63. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ, ಯಾಕೆಂದರೆ ಸೂತ್ರದಲ್ಲಿ ವೇಗದ ವರ್ಗ ಇದೆ. ನೆಲ ಒದ್ದೆಯಾಗಿ ಹಿಡಿತ ಅರ್ಧಕ್ಕೆ ಇಳಿದರೆ 80ರಲ್ಲಿ ನಿಲ್ಲಲು ನೂರು ಮೀಟರೂ ಸಾಲುವುದಿಲ್ಲ. ರಾತ್ರಿ ಡಿಪ್ ಲೈಟಿನಲ್ಲಿ ನಮಗೆ ಅಷ್ಟು ದೂರ ಕಾಣುವುದೇ ಇಲ್ಲ. ಇದರಲ್ಲಿ ಇಂಜಿನ್ ಎಷ್ಟು ಸಿಸಿ ಎಂಬುದು ಎಲ್ಲೂ ಬರಲಿಲ್ಲ, ಗಮನಿಸಿ.

ಬ್ರೇಕಿನ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಗಾಡಿ ಕಲಿಸುವವರು ಒಂದು ಪಾಠ ತಪ್ಪದೇ ಹೇಳುತ್ತಾರೆ: 'ತಮ್ಮಾ, ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತೈತಿ.' ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಸಡಿಲ ಮಣ್ಣಿನ ಮೇಲೆ, ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಬೀಳುತ್ತೇವೆ, ಹೌದು. ಆದರೆ ಬ್ರೇಕ್ ಹಿಡಿದಾಗ ಗಾಡಿಯ ಭಾರ, ನಮ್ಮ ಭಾರ ಎರಡೂ ಮುಂದಕ್ಕೆ ವಾಲುತ್ತವೆ. ಬಸ್ಸಿನಲ್ಲಿ ನಿಂತವರು ಡ್ರೈವರ್ ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ. ಆಗ ಹಿಂದಿನ ಗಾಲಿ ಹಗುರಾಗುತ್ತದೆ, ಹಗುರಾದ ಗಾಲಿಗೆ ಎಷ್ಟು ಬ್ರೇಕ್ ಒತ್ತಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಜವಾಗಿ ಗಾಡಿ ನಿಲ್ಲಿಸುವುದು ಮುಂದಿನ ಬ್ರೇಕು. ಅದನ್ನು ಮುಟ್ಟದೇ ಹತ್ತು ವರ್ಷ ಗಾಡಿ ಹೊಡೆದವರು ನಮ್ಮೂರಲ್ಲಿ ಎಷ್ಟೋ ಜನ ಇದ್ದಾರೆ. ಅವರ ಗಾಡಿಯ ಮುಂದಿನ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಹಗ್ಗದಂತಾಗಿರುತ್ತದೆ.

ಹಾಗಾಗಿ ಮೊದಲ ಗಾಡಿ ಆರಿಸುವಾಗ ಬ್ರೇಕಿನ ಬಗ್ಗೆ ಎರಡು ಶಬ್ದ ಗೊತ್ತಿರಬೇಕು. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು, 125 ಸಿಸಿ ವರೆಗಿನವುಗಳಿಗೆ ಸಿಬಿಎಸ್ ಇದ್ದರೆ ಸಾಕೆಂದಾಯಿತು. ಸಿಬಿಎಸ್ ಅಂದರೆ ಕಾಲಿನ ಬ್ರೇಕ್ ಒತ್ತಿದರೆ ಅದು ಮುಂದಿನ ಬ್ರೇಕನ್ನೂ ಸ್ವಲ್ಪ ಎಳೆಯುತ್ತದೆ. ಮುಂದಿನ ಬ್ರೇಕ್ ಮುಟ್ಟದ ನಮ್ಮ ಹಿರಿಯರಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಗಾಲಿ ಜಾಮಾಗಿ ಜಾರುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ಹಾಗಲ್ಲ. ಗಾಲಿ ಜಾಮಾಗುತ್ತಿದೆ ಎಂದು ಸೆನ್ಸರಿಗೆ ಗೊತ್ತಾದ ಕೂಡಲೇ ಬ್ರೇಕನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತದೆ, ಸೆಕೆಂಡಿಗೆ ಹಲವು ಸಲ. ಅಗ್ಗದ ಮಾಡೆಲ್‌ಗಳಲ್ಲಿ ಮುಂದಿನ ಗಾಲಿಗೆ ಮಾತ್ರ ಇರುತ್ತದೆ, ಅದಕ್ಕೆ ಸಿಂಗಲ್ ಚಾನೆಲ್ ಅನ್ನುತ್ತಾರೆ. ಒಂದೇ ಇದ್ದರೂ ಮುಂದಿನ ಗಾಲಿಗೆ ಇದೆಯಲ್ಲ, ನಮ್ಮ ಕೆಸರಿಗೆ ಅದು ದೊಡ್ಡ ಮಾತು. ಹಾಗಂತ ಹೆಸರಿನ ಹೊಟ್ಟಿನ ಮೇಲೆ ಎಬಿಎಸ್ ಪವಾಡ ಮಾಡುವುದಿಲ್ಲ. ಹಿಡಿತವೇ ಇಲ್ಲದ ಕಡೆ ಅದು ನಮ್ಮನ್ನು ನೆಟ್ಟಗೆ ಇರಿಸಬಹುದು, ಬೇಗ ನಿಲ್ಲಿಸಲಾರದು.

ಇಲ್ಲಿಯೇ ಅಪ್ಪ–ಮಗನ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ ಎಂದು ನನಗೆ ಅನ್ನಿಸುವುದು.

ಅಪ್ಪನ ಗಾಡಿ ಅಂದರೆ ನೂರು ಸಿಸಿ. ಸ್ಪ್ಲೆಂಡರ್ 1994ರಲ್ಲಿ ಬಂದದ್ದು, ನಾವು ಹುಟ್ಟುವ ಎಷ್ಟೋ ಮೊದಲು. ಇವತ್ತಿಗೂ ಅದರ ಇಂಜಿನ್ 97.2 ಸಿಸಿ, ತೂಕ ಸುಮಾರು 112 ಕಿಲೋ, ಸೀಟು ನೆಲದಿಂದ 785 ಮಿಲಿಮೀಟರ್. ಈ ಅಂಕಿಗಳಲ್ಲಿ ಏನು ಮಹಾ ಇದೆ ಎಂದು ಕೇಳಬೇಡಿ. ಐದು ಅಡಿ ಮೂರು ಇಂಚಿನ ಹುಡುಗನ ಎರಡೂ ಕಾಲು ನೆಲಕ್ಕೆ ಊರುತ್ತವೆ. ಹೊಲದ ದಾರಿಯಲ್ಲಿ ಸಿಕ್ಕಿಕೊಂಡರೆ ಒಬ್ಬನೇ ಎಳೆದು ಹೊರಹಾಕಬಹುದು. ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ತಿರುಗದೇ ನಿಂತಾಗ ಕಡ್ಡಿಯಿಂದ ಕೆದರಿ ತೆಗೆಯುವಷ್ಟು ಜಾಗ ಇರುತ್ತದೆ. ಅಗಲ ಟೈರು, ಅದಕ್ಕೆ ಅಪ್ಪಿಕೊಂಡಂಥ ಮಡ್‌ಗಾರ್ಡ್ ಇರುವ ಸ್ಪೋರ್ಟ್ಸ್ ಗಾಡಿಯನ್ನು ಜುಲೈ ತಿಂಗಳಲ್ಲಿ ಹೊಲಕ್ಕೆ ಒಯ್ದವರನ್ನು ಕೇಳಿ ನೋಡಿ, ಹತ್ತು ಮೀಟರಿಗೊಮ್ಮೆ ಇಳಿದು ಕೆದರಬೇಕು. ಅವ್ವ ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾಳೆ, ಅವಳಿಗೆ ಸೀರೆ ಗಾರ್ಡ್ ಬೇಕು, ಹಿಡಿಯಲು ಹಿಡಿಕೆ ಬೇಕು, ಸಪಾಟು ಸೀಟು ಬೇಕು. ಗೊಬ್ಬರದ ಚೀಲ, ಔಷಧ ಹೊಡೆಯುವ ಪಂಪು, ಹಾಲಿನ ಕ್ಯಾನು ಇವೆಲ್ಲ ಕೂಡ ಆ ಗಾಡಿಯ ಮೇಲೇ ಹೋಗಬೇಕು. ಮೆಟ್ಟಿಲಿನಂತೆ ಮೇಲೆದ್ದ ಹಿಂದಿನ ಸೀಟಿನ ಮೇಲೆ ನನ್ನ ಅಜ್ಜಿಯನ್ನು ಕೂರಿಸಿ ಆಸ್ಪತ್ರೆಗೆ ಒಯ್ಯುವುದನ್ನು ನೆನೆದರೇ ನನಗೆ ಬೆವರು ಬರುತ್ತದೆ.

ಇನ್ನೊಂದು, ಕೆಟ್ಟರೆ ಏನು ಗತಿ? ಕ್ಲಚ್ ಕೇಬಲ್, ಚೈನ್ ಸ್ಪ್ರಾಕೆಟ್, ಬ್ರೇಕ್ ಲೈನರ್ ಯಾವ ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಗಾಡಿ ಒಂದು, ಪ್ರತಿಯೊಂದಕ್ಕೂ ಗದಗ, ಹುಬ್ಬಳ್ಳಿ ಕಡೆ ಮುಖ ಮಾಡಬೇಕಾದ ಗಾಡಿ ಇನ್ನೊಂದು. ಬೇಸರವೆಂದರೆ ಈ ಮಾತು ಅಪ್ಪ ಹೇಳಿದಾಗ ಮಗನಿಗೆ ಜಿಪುಣತನದಂತೆ ಕೇಳುತ್ತದೆ.

ಮಗನ ಕಡೆಯೂ ನ್ಯಾಯ ಇದೆ. ನೂರು ಸಿಸಿ ಗಾಡಿಯಲ್ಲಿ ಇಬ್ಬರು ಕುಳಿತು ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಹೋದರೆ ಉಸಿರು ಸಾಲುವುದಿಲ್ಲ, ಅರ್ಧಕ್ಕೆ ಎದುರಿನ ಬಸ್ಸು ಬರುತ್ತದೆ. ಅದೂ ಅಪಾಯವೇ. ಅಲ್ಲದೆ ಎರಡೂ ಕಡೆ ಡ್ರಮ್ ಬ್ರೇಕ್ ಇರುವ ಗಾಡಿಗಿಂತ ಮುಂದೆ ಡಿಸ್ಕ್, ಎಬಿಎಸ್ ಇರುವ ಗಾಡಿ ಚೆನ್ನಾಗಿ ನಿಲ್ಲುತ್ತದೆ ಎಂಬುದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಮಗ ಕೇಳುತ್ತಿರುವುದು ಬ್ರೇಕಿಗಾಗಿ ಅಲ್ಲ. ಪಲ್ಸರ್ ಎನ್‌ಎಸ್‌200, ಡ್ಯೂಕ್ 200 ಗಾಡಿಗಳ ಇಂಜಿನ್ 24–25 ಪಿಎಸ್ ಶಕ್ತಿಯವು, ಸ್ಪ್ಲೆಂಡರಿನ ಮೂರು ಪಟ್ಟು. ಕ್ಲಾಸಿಕ್ 350 ತೂಕ 195 ಕಿಲೋ. ಇವು ಕೆಟ್ಟ ಗಾಡಿಗಳಲ್ಲ. ಮೊದಲನೆಯ ಗಾಡಿಗಳಲ್ಲ, ಅಷ್ಟೇ. ಈಜು ಕಲಿಯದವನನ್ನು ಮಲಪ್ರಭಾ ಕಾಲುವೆಗೆ ನೀರು ಬಿಟ್ಟ ದಿನ ಇಳಿಸುತ್ತೇವೆಯೇ?

'ಸಣ್ಣ ಗಾಡಿ ತೊಗೊಂಡ್ರ ಎರಡು ವರ್ಷಕ್ಕ ಬ್ಯಾಸರ ಬರತೈತಿ, ಒಮ್ಮೆಗೇ ದೊಡ್ಡದು ತೊಗೊಳ್ಳೋದು ಚಲೋ' ಎಂದು ನನ್ನ ರೂಮಿನ ಗೆಳೆಯ ವಾದಿಸುತ್ತಾನೆ. ಬೇಸರ ಬರಲಿ ಎಂದೇ ನಾನು ಹೇಳುವುದು. ಬೇಸರ ಬಂತು ಅಂದರೆ ಗಾಡಿ ನಿನ್ನ ಕೈಗೆ ಬಂತು ಎಂದರ್ಥ. ಆಗ ಮಾರಿ ದೊಡ್ಡದು ತೊಗೊ. ನಮ್ಮ ಕಡೆ ಸಣ್ಣ ಗಾಡಿಗೆ ಗಿರಾಕಿ ಎಂದೂ ಕಡಿಮೆ ಇಲ್ಲ. ಮೊದಲ ವರ್ಷ ಎಲ್ಲರ ಗಾಡಿಯೂ ಒಮ್ಮೆಯಾದರೂ ನೆಲ ಕಾಣುತ್ತದೆ. ಸಣ್ಣ ಗಾಡಿ ಬಿದ್ದರೆ ಇಂಡಿಕೇಟರು, ಲೆಗ್‌ಗಾರ್ಡ್ ನೆಟ್ಟಗೆ ಮಾಡಿಸಿಕೊಂಡು ಬರುತ್ತೀ, ಫೈಬರಿನ ಮೈಯಿರುವ ಗಾಡಿ ಬಿದ್ದರೆ ಅದರ ಬಿಲ್ಲು ಅಪ್ಪನ ಕೈಗೆ ಹೋಗುತ್ತದೆ.

ದುಡ್ಡಿನ ವಿಚಾರ ಬಂತು, ಬಿಡಿಸಿಯೇ ಹೇಳುತ್ತೇನೆ. ನಮ್ಮ ಮನೆಗಳಿಗೆ ದುಡ್ಡು ಬರುವುದು ವರ್ಷದಲ್ಲಿ ಎರಡು ಸಲ, ಮುಂಗಾರಿ ಹೆಸರು ಮಾರಿದಾಗ ಒಮ್ಮೆ, ಹಿಂಗಾರಿ ಕಡಲೆ ಮಾರಿದಾಗ ಒಮ್ಮೆ. ಈರುಳ್ಳಿ, ಮೆಣಸಿನಕಾಯಿ ಹಾಕಿದವರದು ದೇವರ ಮೇಲೆ ಭಾರ. ಇಎಂಐ ಮಾತ್ರ ತಿಂಗಳಿಗೊಮ್ಮೆ, ಮಳೆ ಬರಲಿ ಬಿಡಲಿ. ಈ ಹೊಂದಿಕೆಯಾಗದ ಲೆಕ್ಕವೇ ಎಷ್ಟೋ ಮನೆಗಳಲ್ಲಿ ಗಾಡಿಯನ್ನು ಕೈಸಾಲಕ್ಕೆ ತಂದು ನಿಲ್ಲಿಸುತ್ತದೆ. ನೂರು ಸಿಸಿ ಗಾಡಿಗೂ ಇನ್ನೂರು ಸಿಸಿ ಗಾಡಿಗೂ ಬೆಲೆಯಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ ಇದೆ.

ಅದಕ್ಕಿಂತ ಮುಖ್ಯ, ಬಡ್ಡಿ ಹೇಳುವ ರೀತಿ. 'ಬರೀ 12 ಪರ್ಸೆಂಟ್ ಸರ್' ಅನ್ನುತ್ತಾರೆ. ಫ್ಲ್ಯಾಟ್ ರೇಟೋ, ರೆಡ್ಯೂಸಿಂಗ್ ರೇಟೋ ಎಂದು ಕೇಳಿ. ಒಂದು ಲಕ್ಷ ಸಾಲ, ಮೂರು ವರ್ಷ ಎಂದಿಟ್ಟುಕೊಳ್ಳಿ. ರೆಡ್ಯೂಸಿಂಗ್ ಆದರೆ ತಿಂಗಳಿಗೆ ಸುಮಾರು 3,321 ರೂಪಾಯಿ, ಒಟ್ಟು ಕಟ್ಟುವುದು 1,19,570ರ ಆಸುಪಾಸು. ಫ್ಲ್ಯಾಟ್ ಆದರೆ ತಿಂಗಳಿಗೆ 3,778, ಒಟ್ಟು 1,36,000. ಅದೇ 12 ಪರ್ಸೆಂಟ್, ಹದಿನಾರು ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ತೀರಿಸಿದ ಅಸಲಿನ ಮೇಲೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟುತ್ತಲೇ ಇರುತ್ತೇವೆ, ಅದಕ್ಕೆ. ನಿಜವಾದ ಬಡ್ಡಿ ಅಲ್ಲಿ ಶೇ 21ರ ಮೇಲೆ ಬೀಳುತ್ತದೆ. ಬಿ.ಇ., ಬಿ.ಕಾಂ. ಓದುವ ಮಕ್ಕಳು ಮನೆಯಲ್ಲಿದ್ದೂ ಅಪ್ಪ ಒಬ್ಬನೇ ಹೋಗಿ ಸಹಿ ಹಾಕಿ ಬರುವುದು ಸರಿಯಲ್ಲ. ಮಗನೋ ಮಗಳೋ ಜೊತೆಗೆ ಹೋಗಿ ಈ ಒಂದು ಪ್ರಶ್ನೆ ಕೇಳಿದರೂ ಓದಿದ್ದಕ್ಕೆ ಸಾರ್ಥಕ.

ಗಾಡಿ ಬೇಕೇ ಬೇಕಾ ಎಂದು ಮೊದಲು ಕೇಳಿಕೊಳ್ಳಬೇಕಿತ್ತು ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಹಾಸ್ಟೆಲಿನಲ್ಲಿ ಇರುವವನಿಗೆ ಬೇಡ. ಬಸ್ ಪಾಸು ಇದೆ, ಅಕ್ಕತಂಗಿಯರಿಗೆ 2023ರ ಜೂನ್‌ನಿಂದ ಟಿಕೆಟ್ಟೇ ಇಲ್ಲ. ಶನಿವಾರ ಊರಿಗೆ ಹೋಗಲು ಒಂದೂವರೆ ಲಕ್ಷದ ಗಾಡಿ ಹಾಸ್ಟೆಲಿನ ಗೋಡೆಗೆ ಒರಗಿ ಬಿಸಿಲು ಕಾಯುವುದನ್ನು ನಾನು ದಿನಾ ನೋಡುತ್ತೇನೆ. ಆದರೆ ಕೆಲಸ ಹುಡುಕುವವರ ಮಾತು ಬೇರೆ. ಡಿಗ್ರಿ ಮುಗಿಸಿದ ನಮ್ಮ ಕಡೆಯ ಹುಡುಗರಿಗೆ ಬೇಗ ಸಿಗುವ ಕೆಲಸಗಳನ್ನು ನೋಡಿ: ಫೈನಾನ್ಸ್ ಕಂಪನಿಯ ಫೀಲ್ಡ್ ಆಫೀಸರ್, ಬೀಜ–ಗೊಬ್ಬರದ ಕಂಪನಿಯ ಸೇಲ್ಸ್, ಕೊರಿಯರ್. ಜಾಹೀರಾತಿನ ಕೊನೆಯ ಸಾಲು 'ಸ್ವಂತ ಬೈಕ್ ಮತ್ತು ಡಿಎಲ್ ಕಡ್ಡಾಯ'. ಇವರಿಗೆ ಗಾಡಿ ಅಂದರೆ ಕೂಲಿಯವನ ಕೈಯ ಸಲಿಕೆ ಇದ್ದಂತೆ. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್, ಹಳ್ಳಿಯಿಂದ ಹಳ್ಳಿಗೆ, ಸಂಜೆ ಕತ್ತಲಾದ ಮೇಲೂ ಓಡಾಟ. ಅಂಥವರು ಎವರೇಜ್ ಕೇಳಿದರೆ ತಪ್ಪಿಲ್ಲ, ಪೆಟ್ರೋಲು ಸಂಬಳದಲ್ಲೇ ಹೋಗುತ್ತದೆ. ಆದರೆ ಬ್ರೇಕು, ಹೆಡ್‌ಲೈಟು ಎಲ್ಲರಿಗಿಂತ ಹೆಚ್ಚು ಬೇಕಾದವರೂ ಅವರೇ. ಶೋರೂಮಿನ ಬೆಳಕಿನಲ್ಲಿ ಹೆಡ್‌ಲೈಟ್ ಪರೀಕ್ಷೆ ಆಗುವುದಿಲ್ಲ. ಅದೇ ಗಾಡಿ ಇಟ್ಟುಕೊಂಡ ಯಾರನ್ನಾದರೂ ರಾತ್ರಿ ಎಂಟಕ್ಕೆ ಕೇಳಿ, ಊರ ಹೊರಗೆ ಹೋಗಿ ನೋಡಿ ಬನ್ನಿ.

ಹಾಗಾದರೆ ಯಾವ ಗಾಡಿ? ನನ್ನ ಅಭಿಪ್ರಾಯ ಕೇಳಿದರೆ, ಹೊಲ–ಮನೆ–ಪೇಟೆ ಅಷ್ಟೇ ಓಡಾಟ ಇದ್ದವರಿಗೆ ಅಪ್ಪ ಹೇಳುವ ನೂರು ಸಿಸಿಯೇ ಸರಿ. ಹೆದ್ದಾರಿ ಇದ್ದವರಿಗೆ, ದಿನದ ಕೆಲಸಕ್ಕೆ ಹೋಗುವವರಿಗೆ 125 ಸಿಸಿ, ಮುಂದೆ ಡಿಸ್ಕ್ ಇರುವುದು. ಶೈನ್, ಎಸ್‌ಪಿ 125, ರೈಡರ್, ಪಲ್ಸರ್ 125 ಹೀಗೆ ಸಾಲು ಸಾಲು ಇವೆ. ಬಣ್ಣ, ಸ್ಟಿಕ್ಕರ್ ನೋಡುವ ಮೊದಲು ಡ್ರಮ್ ಮಾಡೆಲ್ಲೋ ಡಿಸ್ಕ್ ಮಾಡೆಲ್ಲೋ ನೋಡಿ. ಒಂದೇ ಹೆಸರಿನ ಗಾಡಿಯಲ್ಲಿ ಎರಡೂ ಇರುತ್ತವೆ, ಕೆಲವೇ ಸಾವಿರ ಉಳಿಸಲು ಡ್ರಮ್ ತೊಗೊಳ್ಳುವವರೇ ಹೆಚ್ಚು. ಸಣ್ಣ ಗಾಡಿಗೆ ಎಬಿಎಸ್ ಸಿಗುವುದೇ ಇಲ್ಲ ಎಂದೇನಿಲ್ಲ. 2022ರ ಕೊನೆಗೆ ಪ್ಲಾಟಿನಾ 110ರಲ್ಲಿ ಬಂದಿತ್ತು, 2024ರ ಜನವರಿಯಲ್ಲಿ ಬಂದ ಎಕ್ಸ್‌ಟ್ರೀಮ್ 125ಆರ್‌ನಲ್ಲೂ ಎಬಿಎಸ್ ಇರುವ ಮಾಡೆಲ್ ಇತ್ತು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡಿನಲ್ಲಿ ಸಣ್ಣ ಗಾಡಿಗಳಿಗೂ ಎಬಿಎಸ್ ಇರಬೇಕು, ಗಾಡಿಯ ಜೊತೆ ಎರಡು ಹೆಲ್ಮೆಟ್ ಕೊಡಬೇಕು ಎಂದಿತ್ತು. ಬೆಲೆ ಏರುತ್ತದೆ ಎಂದು ಇದಕ್ಕೆ ಗೊಣಗುವವರಿದ್ದಾರೆ. ಗುಂಡಿ ತಪ್ಪಿಸಲು ಗಕ್ಕನೆ ಬ್ರೇಕ್ ಹಿಡಿಯುವುದು ದೊಡ್ಡ ಗಾಡಿಯವರು ಮಾತ್ರವೇ? ಅರವತ್ತು ಸಾವಿರದ ಗಾಡಿಯವನ ತಲೆ ಅಗ್ಗವೇ?

ನಮ್ಮಲ್ಲಿ ಎಷ್ಟೋ ಜನ ಕೊಳ್ಳುವುದು ಸೆಕೆಂಡ್ ಹ್ಯಾಂಡ್, ಅದಕ್ಕೆ ಯಾವ ಹೊಸ ನಿಯಮವೂ ತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ತೊಗೊಳ್ಳುವುದು ಬುದ್ಧಿವಂತಿಕೆಯೇ, ಕಲಿಯುವ ಕೈಗೆ ಹಳೆಯ ಗಾಡಿ ಒಳ್ಳೆಯದು. ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸಿ ಬ್ರೇಕ್ ಹಿಡಿದು ನೋಡಿ, ಮುಂದಿನ ಶಾಕ್‌ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿದೆಯೇ ನೋಡಿ, ಟೈರಿನ ಮೇಲೆ ಬರೆದ ನಾಲ್ಕು ಅಂಕಿಯಲ್ಲಿ ಕೊನೆಯ ಎರಡು ಅಂಕಿ ಅದು ತಯಾರಾದ ವರ್ಷ. ಬಹಳ ಹಳೆಯದಾಗಿದ್ದರೆ ಗೀರು ಇದ್ದರೂ ಟೈರ್ ಬದಲಿಸಿ. ಕಾಗದಪತ್ರ ಮಾತ್ರ ಮುಂದೂಡಬೇಡಿ. 'ಪರಿಚಯದವರೇ, ಆರ್‌ಸಿ ಆಮೇಲೆ ಮಾಡಿಸಿದರಾಯ್ತು' ಎಂದು ಕೆಎ 26 ನಂಬರಿನ ಎಷ್ಟು ಗಾಡಿಗಳು ಮೂರು ಕೈ ದಾಟಿವೆಯೋ. ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಅದೇ ದಿನ ಸಹಿ ಮಾಡಿಸಿಕೊಳ್ಳಿ, ಸಾಲದ ಗಾಡಿಯಾಗಿದ್ದರೆ ಫೈನಾನ್ಸಿನವರ ಎನ್‌ಒಸಿ ಕೇಳಿ. ಇದು ಮಾರುವವನಿಗೂ ಒಳ್ಳೆಯದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂಬತ್ತನೇ ಕ್ಲಾಸಿನಿಂದ ಗಾಡಿ ಹೊಡೆಯುತ್ತೇನೆ ಎಂದು ಹೆಮ್ಮೆ ಪಡುವವರಿಗೆ ಒಂದು ಮಾತು. ಗೇರ್ ಗಾಡಿಗೆ ಹದಿನೆಂಟು ತುಂಬಬೇಕು. ಅಪ್ರಾಪ್ತ ಮಗ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ದಂಡ 25 ಸಾವಿರ, ಜೈಲು ಮೂರು ವರ್ಷದವರೆಗೆ, ಅದೂ ಅಪ್ಪನಿಗೆ. ಎಲ್‌ಎಲ್‌ಆರ್ ಮಾಡಿಸಿದ ಮೇಲೆ ಪೂರ್ತಿ ಲೈಸೆನ್ಸಿಗೆ ಮೂವತ್ತು ದಿನ ಕಾಯಬೇಕಲ್ಲ, ಆ ಮೂವತ್ತು ದಿನವನ್ನು ಹಾಳು ಮಾಡಬೇಡಿ. ಸಂಜೆ ಹೈಸ್ಕೂಲು ಮೈದಾನ ಖಾಲಿಯಾದ ಮೇಲೆ ಇಪ್ಪತ್ತರ ವೇಗದಲ್ಲಿ ಹೋಗಿ ಎರಡೂ ಬ್ರೇಕ್ ಕೂಡಿಸಿ ಹಿಡಿಯಿರಿ. ಮುಂದಿನದನ್ನು ಎರಡು ಬೆರಳಿನಿಂದ, ಒಮ್ಮೆಲೇ ಕಿವುಚದೆ, ನಿಂಬೆಹಣ್ಣು ಹಿಂಡುವಂತೆ. ಮೂವತ್ತಕ್ಕೆ, ನಲವತ್ತಕ್ಕೆ ಏರಿಸಿ. ಪ್ರತಿ ಸಲ ನಿಂತ ಜಾಗದಲ್ಲಿ ಒಂದು ಕಲ್ಲು ಇಟ್ಟು ಅಳೆದು ನೋಡಿ. ಮೇಲೆ ನಾನು ಹೇಳಿದ ಲೆಕ್ಕ ಬರೀ ಪುಸ್ತಕದ್ದೋ ಹೇಗೆ ಎಂದು ಅಲ್ಲೇ ಗೊತ್ತಾಗುತ್ತದೆ.

ಹೆಲ್ಮೆಟಿನ ಬಗ್ಗೆ ಬುದ್ಧಿ ಹೇಳುವ ಇಷ್ಟ ನನಗಿಲ್ಲ, ಒಂದು ಅಂಕಿ ಮಾತ್ರ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಶೇ 44.5 ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೇ ಸತ್ತವರು 50,029, ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ಹಿಂದೆ ಕುಳಿತವರು ಅಂದರೆ ನಮ್ಮ ಕಡೆ ಯಾರು? ಅವ್ವ, ತಂಗಿ, ಸಂತೆಗೆ ಹೊರಟ ಅಜ್ಜ. ಮೇಲೆ ಲೆಕ್ಕ ಹಾಕಿದ ಹದಿನಾರು ಸಾವಿರದಲ್ಲಿ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ ಎಷ್ಟು ಬರುತ್ತವೆ ಎಂದು ನೀವೇ ಗುಣಿಸಿ ನೋಡಿ. ರಸ್ತೆ ಬದಿ ಮಾರುವ ಇನ್ನೂರು ರೂಪಾಯಿಯ ಟೊಪ್ಪಿಗೆ ಪೊಲೀಸರಿಗೆ ತೋರಿಸಲು ಮಾತ್ರ.

ನಾನಿನ್ನೂ ಗಾಡಿ ಕೊಂಡಿಲ್ಲ. ಊರಿಗೆ ಹೋದಾಗ ಅಪ್ಪನ ನೂರು ಸಿಸಿಯನ್ನೇ ಹೊಡೆಯುತ್ತೇನೆ, ಅದರ ಮುಂದಿನ ಬ್ರೇಕಿನ ಕೇಬಲ್ ಬದಲಿಸಿ ಎಣ್ಣೆ ಬಿಟ್ಟಿದ್ದೇನೆ. ಅಪ್ಪ ಮೊದಲ ದಿನ ಹಿಡಿದು ನೋಡಿ, 'ಏನೋ ಇದು, ಮುಂದಿಂದೂ ಹಿಡೀತೈತಲ್ಲ' ಎಂದರು. ನನ್ನ ಕೆಲಸ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ಮುಂದಿನದು. ಈ ಕಡೆಯೇ ಸಿಕ್ಕರೆ ಮೂರು ನಾಲ್ಕು ವರ್ಷ ಓಡಿದ, ಒಬ್ಬರೇ ಓಡಿಸಿದ, ಮುಂದೆ ಡಿಸ್ಕ್ ಇರುವ 125 ಒಂದನ್ನು ಕೈಯಲ್ಲಿದ್ದ ದುಡ್ಡಿಗೆ ಕೊಳ್ಳುವ ವಿಚಾರ ಇದೆ. ಅಪ್ಪ ಅದಕ್ಕೂ ಎವರೇಜ್ ಎಷ್ಟು ಎಂದೇ ಕೇಳಿದ್ದಾರೆ.